ಕೈಪಿಡಿಗೆ ಯಾವ ನಂಬರು?

ಕಾರ್ಖಾನೆಯ ಯಂತ್ರಗಳಿಗೆ ಕೈಪಿಡಿ ಬರೆಯುವುದು ಪುಣೆಯಲ್ಲಿ ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಒಳಗಿನ ಬರಹಕ್ಕಿಂತ ಮುಖಪುಟದ ನಂಬರಿಗೇ ಹೆಚ್ಚು ಜಗಳ. ‘ಫೈನಲ್’, ‘ಫೈನಲ್ 2’, ‘ಇದೇ ಕೊನೇ ಫೈನಲ್’ ಎಂಬ ಫೈಲುಗಳು ನಿಮ್ಮ ಆಫೀಸಿನಲ್ಲೂ ಇದ್ದಾವು. ನೋಡಿದರೆ ನಗು ಬರುತ್ತದೆ. ಆದರೆ ಫಿಟ್ಟರ್ ಒಬ್ಬ ತಪ್ಪು ಪ್ರತಿ ನೋಡಿಕೊಂಡು ಪ್ರೆಶರ್ ವಾಲ್ವ್ ಸೆಟ್ ಮಾಡಿದರೆ ಅದು ನಗುವ ಮಾತಲ್ಲ.

ಸಾಫ್ಟ್‌ವೇರ್‌ನವರ ‘ಸೆಮ್ಯಾಂಟಿಕ್ ವರ್ಷನಿಂಗ್’ ಪದ್ಧತಿಯಲ್ಲಿ 2.4.1ರಂತೆ ಮೂರು ಅಂಕಿ. ಮೊದಲನೆಯದು ಏರಿದರೆ ಹಳೆಯದರೊಡನೆ ಹೊಂದಿಕೆಯಿಲ್ಲ, ಎರಡನೆಯದು ಏರಿದರೆ ಹೊಸ ಸೌಲಭ್ಯ, ಮೂರನೆಯದು ಬರೀ ತಿದ್ದುಪಡಿ. ಪ್ರೋಗ್ರಾಮರಿಗೆ ಇದು ಸಲೀಸು. ಆದರೆ 3.9 ಆದ ಮೇಲೆ 3.10 ಬಂದರೆ, ಶಾಲೆಯಲ್ಲಿ ದಶಮಾಂಶ ಕಲಿತವರು 3.10ನ್ನೇ ಹಳೆಯದೆಂದು ಬದಿಗಿಡುತ್ತಾರೆ.

ಇನ್ನು ಕೆಲವರು ಕಾಲವನ್ನೇ ನಂಬರು ಮಾಡುತ್ತಾರೆ. ಉಬುಂಟು 24.04 ಎಂದರೆ 2024ರ ಏಪ್ರಿಲ್‌ನದು. ನಮ್ಮ ಕಾಂಕ್ರೀಟ್ ಮಾನಕ ಐಎಸ್ 456:1978 ಆಗಿದ್ದದ್ದು ಮುಂದೆ ಐಎಸ್ 456:2000 ಆಯಿತು. ಯಾವುದು ಹಳೆಯದು ಎಂದು ಯಾರನ್ನೂ ಕೇಳಬೇಕಿಲ್ಲ. ಎಷ್ಟು ಬದಲಾಗಿದೆ ಎಂಬುದು ಮಾತ್ರ ಇಸವಿಯಿಂದ ತಿಳಿಯದು.

ಕೈಪಿಡಿಯ ಪೇಚು ಬೇರೆಯೇ. ಇಲ್ಲಿ ಹೊಸದೇ ಸರಿ ಎಂದೇನಿಲ್ಲ. 2012ರ ಯಂತ್ರ ಇನ್ನೂ ಓಡುತ್ತಿದ್ದರೆ ಅದಕ್ಕೆ ಹೊಂದುವ ಪುಸ್ತಕವೇ ಬೇಕು. ಹಾಗಾಗಿ ನಾನು ಎರಡು ನಂಬರು ಬೇಕೆಂದು ಹಟ ಹಿಡಿಯುತ್ತೇನೆ. ಯಂತ್ರದ ಮಾಡೆಲ್, ಆವೃತ್ತಿ ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಪುಸ್ತಕದ ಪರಿಷ್ಕರಣೆ 1, 2, 3 ಎಂದು, ಚುಕ್ಕಿಯಿಲ್ಲದೆ. ಕಾಗುಣಿತ ತಿದ್ದಿದರೂ ಎರಡನೆಯದು ಏರಬೇಕು. ಯಂತ್ರ ಬದಲಾಗದೆ ಮೊದಲನೆಯದನ್ನು ಮುಟ್ಟಬಾರದು. ಕನ್ನಡ ಪುಸ್ತಕಗಳಲ್ಲಿ ‘ಮರುಮುದ್ರಣ’ ಬೇರೆ, ‘ಪರಿಷ್ಕೃತ ಮುದ್ರಣ’ ಬೇರೆ ಎಂದು ಓದಿ ಬೆಳೆದವರಿಗೆ ಈ ವಿವೇಕ ಹೊಸದಲ್ಲ.

ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05-04 ನಮಗೆ ಏಪ್ರಿಲ್, ಅಮೆರಿಕದವರಿಗೆ ಮೇ. ಎರಡನೇ ಪುಟದಲ್ಲಿ ಯಾವ ಪುಟದಲ್ಲಿ ಏನು ಬದಲಾಯಿತು ಎಂಬ ಪಟ್ಟಿ ಕೊಡಿ. ಎಣ್ಣೆಗೈಯಲ್ಲಿ ಪುಸ್ತಕ ತೆರೆದವನ ಪ್ರಶ್ನೆ ಒಂದೇ: ‘ಇದು ನನ್ನ ಮುಂದಿರುವ ಯಂತ್ರದ್ದೇ?’ ಅದಕ್ಕೆ ಮುಖಪುಟದಲ್ಲೇ ಉತ್ತರ ಸಿಗಬೇಕು.