ನೆಲದ ಅಳತೆ, ಜನರ ಅಳತೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಚುನಾವಣೆಯ ಫಲಿತಾಂಶದ ದಿನ ದೂರದರ್ಶನದ ಪರದೆಯ ಮೇಲೆ, ಮರುದಿನ ವೃತ್ತಪತ್ರಿಕೆಯ ಮುಖಪುಟದಲ್ಲಿ ಬಣ್ಣಬಣ್ಣದ ಭೂಪಟವೊಂದು ಕಾಣಿಸಿಕೊಳ್ಳುವುದನ್ನು ನಾವೆಲ್ಲರೂ ಬಲ್ಲೆವು. ಗೆದ್ದ ಪಕ್ಷದ ಬಣ್ಣವನ್ನು ಆಯಾ ಕ್ಷೇತ್ರಕ್ಕೆ ಬಳಿದಿರುತ್ತಾರೆ. ಅದರ ಮೇಲೆ ಒಮ್ಮೆ ಕಣ್ಣಾಡಿಸಿ, "ರಾಜ್ಯವೆಲ್ಲ ಇಂಥವರ ಪಾಲಾಯಿತು" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಎಷ್ಟೋ ಸಲ ದಾರಿ ತಪ್ಪಿದ್ದು. ಭೂಪಟ ತೋರಿಸುವುದು ನೆಲವನ್ನು. ಮತ ಹಾಕುವವರೋ ಜನ. ಕಾಡಿಗೆ, ಕೆರೆಗೆ, ಬೆಟ್ಟಕ್ಕೆ ಮತವಿಲ್ಲವಷ್ಟೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಸುಮಾರು 10,300 ಚದರ ಕಿಲೋಮೀಟರು. ಇಲ್ಲಿಂದ ವಿಧಾನಸಭೆಗೆ ಹೋಗುವವರು 6 ಮಂದಿ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,200 ಚದರ ಕಿಲೋಮೀಟರು. ಅಲ್ಲಿಂದ ಹೋಗುವವರು 28 ಮಂದಿ. ಅಂದರೆ ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ 1,700 ಚದರ ಕಿಲೋಮೀಟರು, ಅಲ್ಲಿ ಸುಮಾರು 80. ಭೂಪಟದ ಮೇಲೆ ನಮ್ಮ ಒಬ್ಬ ಶಾಸಕರು ಬೆಂಗಳೂರಿನ ಇಪ್ಪತ್ತಕ್ಕೂ ಹೆಚ್ಚು ಶಾಸಕರ ಜಾಗವನ್ನು ಆಕ್ರಮಿಸಿಕೊಂಡು ಕುಳಿತಿರುತ್ತಾರೆ! ಬೆಂಗಳೂರಿನ 28 ಕ್ಷೇತ್ರಗಳ ಬಣ್ಣವನ್ನು ನೋಡಬೇಕಾದರೆ ಭೂತಗನ್ನಡಿ ಬೇಕು. ಇಡೀ ದೇಶದ ಕಥೆಯೂ ಇದೇ. 3,42,239 ಚದರ ಕಿಲೋಮೀಟರಿನ ರಾಜಸ್ಥಾನಕ್ಕೆ ಲೋಕಸಭೆಯಲ್ಲಿ 25 ಸ್ಥಾನ, 2,40,928 ಚದರ ಕಿಲೋಮೀಟರಿನ ಉತ್ತರ ಪ್ರದೇಶಕ್ಕೆ 80.

ಈ ದೋಷಕ್ಕೆ ಪಂಡಿತರು ಬಹು ಹಿಂದೆಯೇ ಮದ್ದು ಹುಡುಕಿದ್ದಾರೆ. ನೆಲದ ಅಳತೆಯನ್ನು ಬಿಟ್ಟು, ಜನಸಂಖ್ಯೆಗೋ ಸ್ಥಾನಗಳಿಗೋ ತಕ್ಕಂತೆ ಪ್ರದೇಶಗಳನ್ನು ಹಿಗ್ಗಿಸಿ ಕುಗ್ಗಿಸಿ ಬರೆದ ನಕ್ಷೆಗೆ ಕಾರ್ಟೋಗ್ರಾಮ್ ಎಂದು ಹೆಸರು. ಜರ್ಮನಿಯಲ್ಲಿ 1903ರಷ್ಟು ಹಿಂದೆಯೇ ಹಾಕ್ ಮತ್ತು ವೀಖೆಲ್ ಎಂಬವರು ಅಲ್ಲಿನ ಸಂಸತ್ತಿನ ಚುನಾವಣೆಗಾಗಿ ಇಂಥದೊಂದನ್ನು ಮಾಡಿದ್ದರು. ಅಮೆರಿಕದಲ್ಲಿ ನೆಲೆಸಿದ್ದ ಅರ್ವಿನ್ ರೈಸ್ ಎಂಬ ನಕ್ಷೆಗಾರ 1934ರಲ್ಲಿ ರಾಜ್ಯಗಳನ್ನೆಲ್ಲ ಆಯತಗಳಾಗಿ ಬರೆದು ತೋರಿಸಿದ. 2004ರಲ್ಲಿ ಗ್ಯಾಸ್ಟ್ನರ್ ಮತ್ತು ನ್ಯೂಮನ್ ಎಂಬಿಬ್ಬರು ಗಣಕಯಂತ್ರದಿಂದ ಇಡೀ ಭೂಪಟವನ್ನೇ ಬೇಕಾದಂತೆ ಉಬ್ಬಿಸುವ ಗಣಿತವನ್ನು ಪ್ರಕಟಿಸಿದರು. ಹೀಗೆ ಉಬ್ಬಿಸಿದ ನಕ್ಷೆ ಗಣಿತಕ್ಕೆ ಸರಿ, ಆದರೆ ಕಣ್ಣಿಗೆ ಕಷ್ಟ. ನಮ್ಮ ಊರು ಯಾವುದೆಂದು ನಮಗೇ ಗುರುತು ಸಿಕ್ಕುವುದಿಲ್ಲ.

ಅದಕ್ಕಿಂತ ಸರಳವಾದ ದಾರಿ ಷಟ್ಕೋನದ್ದು. ಒಂದು ಕ್ಷೇತ್ರಕ್ಕೆ ಒಂದು ಷಟ್ಕೋನ. ಎಲ್ಲವೂ ಒಂದೇ ಅಳತೆ. ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಅಂಟಿಕೊಂಡವು. ಚೌಕವೇ ಏಕಾಗಬಾರದು ಎಂದು ಕೇಳಬಹುದು. ಭುಜಗಳೂ ಕೋನಗಳೂ ಸಮವಾದ ಆಕೃತಿಗಳಲ್ಲಿ ಒಂದೇ ಬಗೆಯದರಿಂದ ಸಂದಿಲ್ಲದೆ ನೆಲ ಮುಚ್ಚಬಲ್ಲವು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಚೌಕಕ್ಕೆ ಬದಿಯ ನೆರೆಹೊರೆ ನಾಲ್ಕೇ. ಮೂಲೆಯವನು ನೆರೆಯವನೋ ಅಲ್ಲವೋ ಎಂಬ ತಕರಾರು ಬೇರೆ. ಷಟ್ಕೋನಕ್ಕೆ ಆರು ಜನ ನಿಸ್ಸಂದೇಹವಾದ ನೆರೆಯವರು. ಊರುಗಳ ಸಂಬಂಧವನ್ನು ಕಾಪಾಡಲು ಇದೇ ಅನುಕೂಲ.

ಇದನ್ನು ಮಾಡಲು ದೊಡ್ಡ ಸಂಸ್ಥೆಯಾಗಲಿ ದೊಡ್ಡ ಹಣವಾಗಲಿ ಬೇಕಿಲ್ಲ. 2002ರಲ್ಲಿ ಗ್ಯಾರಿ ಶರ್ಮನ್ ಎಂಬವರು ಆರಂಭಿಸಿದ ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶ ಯಾರಿಗೂ ಉಚಿತ. ಅದರಲ್ಲಿ ಷಟ್ಕೋನಗಳ ಬಲೆಯನ್ನು ಹಾಸುವ ಸಲಕರಣೆ ಸಿದ್ಧವಾಗಿಯೇ ಉಂಟು. ಅಳತೆಯನ್ನು ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿ ಕೊಡದೆ ಮೀಟರಿನಲ್ಲಿ ಕೊಡಬೇಕು. ಬಲೆ ಹಾಸಿದ ಮೇಲೆ ಬೇಡದ ಕೋಶಗಳನ್ನು ಅಳಿಸಿ, 224 ಕೋಶಗಳನ್ನು ಉಳಿಸಿ, ಪ್ರತಿಯೊಂದಕ್ಕೂ ಒಂದು ಕ್ಷೇತ್ರದ ಸಂಖ್ಯೆಯನ್ನು ಬರೆಯಬೇಕು. ಆಮೇಲೆ ಫಲಿತಾಂಶದ ಕೋಷ್ಟಕವನ್ನು ಆ ಸಂಖ್ಯೆಯ ಮೂಲಕ ಜೋಡಿಸಿ ಬಣ್ಣ ಕೊಟ್ಟರೆ ಕೆಲಸ ಮುಗಿಯಿತು. ಒಮ್ಮೆ ಮಾಡಿಟ್ಟ ಬಲೆಗೆ ಕ್ಷೇತ್ರದ ಲೆಕ್ಕದಲ್ಲಿ ಸಿಕ್ಕುವ ಯಾವ ಅಂಕಿಯನ್ನಾದರೂ ತೊಡಿಸಬಹುದು.

ಹೇಳಿದಷ್ಟು ಸುಲಭವಲ್ಲದ ಒಂದು ಹೆಜ್ಜೆ ನಡುವೆ ಇದೆ. ಯಾವ ಕೋಶ ಯಾವ ಕ್ಷೇತ್ರದ್ದು? ಇದನ್ನು ಯಂತ್ರಕ್ಕೇ ಒಪ್ಪಿಸುವ ಉಪಾಯಗಳಿವೆ. ಕ್ಷೇತ್ರದ ಮಧ್ಯಬಿಂದುವಿಗೂ ಕೋಶಕ್ಕೂ ಇರುವ ದೂರಗಳ ಒಟ್ಟು ಮೊತ್ತ ಆದಷ್ಟು ಕಡಮೆಯಾಗುವಂತೆ ಅದು ಹಂಚುತ್ತದೆ. ಆದರೆ ಯಂತ್ರ ದೂರವನ್ನು ಬಲ್ಲದೇ ಹೊರತು ಘಟ್ಟವನ್ನು ಅರಿಯದು. ನಮ್ಮ ಜಿಲ್ಲೆಯನ್ನೇ ನೋಡಿ. ಕಾರವಾರ, ಕುಮಟಾ, ಭಟ್ಕಳ ಮೂರೂ ಕಡಲ ಬದಿಯವು. ಹಳಿಯಾಳ, ಯಲ್ಲಾಪುರ, ಶಿರಸಿ ಘಟ್ಟದ ಮೇಲಿನವು. ಪಡುವಣಕ್ಕೆ ಮೂರು, ಮೂಡಣಕ್ಕೆ ಮೂರು ಕೋಶವಿಟ್ಟರೆ ಇಲ್ಲಿನ ಯಾವ ಬಸ್ ಪ್ರಯಾಣಿಕನೂ ನಕ್ಷೆಯನ್ನು ಒಪ್ಪುತ್ತಾನೆ. ಮೊತ್ತ ಕಡಮೆಯಾಗುತ್ತದೆಂದು ಭಟ್ಕಳದ ಪಡುವಣಕ್ಕೆ ಇನ್ನೊಂದು ಜಿಲ್ಲೆಯ ಕೋಶ ಬಂದು ಕುಳಿತರೆ, ಆ ಊರಿನವನು ಕಡಲೆಲ್ಲಿ ಹೋಯಿತು ಎಂದು ಕೇಳುವುದಿಲ್ಲವೆ? ಬೆಂಗಳೂರಿನ 28 ಕೋಶಗಳಿಗೆ ಎಡೆ ಮಾಡಬೇಕಾದರೆ ಕೋಲಾರ, ಚಿಕ್ಕಬಳ್ಳಾಪುರಗಳನ್ನು ಹೊರಕ್ಕೆ ತಳ್ಳಲೇಬೇಕು. ಎಷ್ಟು ತಳ್ಳಬಹುದು, ಯಾರ ನೆರೆಯನ್ನು ಬಿಡಿಸಬಹುದು, ಯಾರದನ್ನು ಬಿಡಿಸಕೂಡದು ಎಂಬುದು ಊರು ಬಲ್ಲವರ ತೀರ್ಮಾನ. ಆದುದರಿಂದ ಈ ಕೆಲಸ ರಾಜಧಾನಿಯ ಕಚೇರಿಯಲ್ಲಿ ಕುಳಿತವರಿಗಿಂತ ಜಿಲ್ಲೆಯ ಕಾಲೇಜುಗಳ ಹುಡುಗ ಹುಡುಗಿಯರಿಗೆ ಹೆಚ್ಚು ಒಪ್ಪುವಂಥದು ಎಂದು ನನ್ನ ಭಾವನೆ.

ಇದಕ್ಕೆ ಬರುವ ಆಕ್ಷೇಪಣೆಯನ್ನು ನಾನು ಮನೆಯಲ್ಲೇ ಕೇಳಿದ್ದೇನೆ. ನಮ್ಮ ತಂದೆಯವರಿಗೆ ನಕಾಶೆ ಎಂದರೆ ಸರ್ವೆ ನಕಾಶೆ. ಹದ್ದುಬಸ್ತು ಮಾಡಿಸಲು ಅರ್ಜಿ ಹಿಡಿದು ಕಚೇರಿಯೊಂದಕ್ಕೆ ಅವರು ಅಲೆದ ದಿನಗಳನ್ನು ನಾನು ಎಣಿಸಿದವನಲ್ಲ, ಆದರೆ ಕಡಮೆಯೇನೂ ಅಲ್ಲ. ಒಂದು ಗುಂಟೆ ಆಚೀಚೆಯಾದರೆ ಅಣ್ಣತಮ್ಮಂದಿರು ಮಾತು ಬಿಡುವ ಲೋಕ ಅದು. ಜೋಯಿಡಾ ಹಳಿಯಾಳಗಳನ್ನು ಸೇರಿಸಿ ಒಂದೇ ಕೋಶ, ಬೆಂಗಳೂರಿನ ಜಯನಗರಕ್ಕೂ ಅಷ್ಟೇ ದೊಡ್ಡ ಕೋಶ ಎಂದಾಗ ಅವರು, "ನಕಾಶೆಯಲ್ಲಿ ಇಲ್ಲದ ನೆಲವನ್ನು ನಾಳೆ ಯಾರು ಕೇಳುತ್ತಾರೋ?" ಎಂದರು. ಓದು ಬರಹ ಹೆಚ್ಚಿಲ್ಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಷಟ್ಕೋನದ ನಕ್ಷೆಯಲ್ಲಿ ಕಾಳೀ ನದಿಯಿಲ್ಲ, ಕಾಡಿಲ್ಲ, ಆಸ್ಪತ್ರೆಗೆ ಹೋಗಲು ಸವೆಸಬೇಕಾದ ದಾರಿಯಿಲ್ಲ. ರಸ್ತೆಯ, ಶಾಲೆಯ, ಆಸ್ಪತ್ರೆಯ ಮಾತು ಬಂದಾಗ ಹಳೆಯ ಭೂಪಟವೇ ಬೇಕು. ಜನರ ಎಣಿಕೆಯ ಮಾತು ಬಂದಾಗ ಅದು ಬೇಡ.

ಇನ್ನೊಂದು ಮರೆಯೂ ಷಟ್ಕೋನದಲ್ಲಿದೆ. ಕೋಶಗಳು ಸಮವಾದ ಮಾತ್ರಕ್ಕೆ ಒಳಗಿರುವ ಜನ ಸಮವೆಂದಲ್ಲ. ಈಗಿನ ಕ್ಷೇತ್ರಗಳ ಗಡಿಗಳನ್ನು 2001ರ ಜನಗಣತಿಯ ಆಧಾರದ ಮೇಲೆ ಬರೆದು, 2008ರ ಮೇ ತಿಂಗಳ ಚುನಾವಣೆಯಿಂದ ಜಾರಿಗೆ ತಂದರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 14,37,169. ಬೆಂಗಳೂರು ನಗರ ಜಿಲ್ಲೆಯ ಜನ 96,21,551. ಭಾಗಿಸಿ ನೋಡಿದರೆ ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಸುಮಾರು 2.4 ಲಕ್ಷ, ಅಲ್ಲಿ 3.4 ಲಕ್ಷ. ರಾಜ್ಯದ 6.11 ಕೋಟಿ ಜನರನ್ನು 224 ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಬೆಂಗಳೂರಿಗೆ 35 ಸ್ಥಾನಗಳು ಬರುತ್ತವೆ. ನಮಗೆ ಉಳಿಯುವುದು 5.

ಇದು ಬರಿಯ ಲೆಕ್ಕದ ಆಟವಲ್ಲ. ಲೋಕಸಭೆಯ ಸ್ಥಾನಗಳು ರಾಜ್ಯರಾಜ್ಯಗಳಿಗೆ ಹಂಚಿಕೆಯಾದದ್ದು 1971ರ ಜನಗಣತಿಯ ಮೇಲೆ. 1976ರ 42ನೆಯ ತಿದ್ದುಪಡಿ ಅದನ್ನು ಹಾಗೆಯೇ ನಿಲ್ಲಿಸಿತು. 2001ರ 84ನೆಯ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತು. ವಿಧಾನಸಭೆಯ ಸ್ಥಾನಗಳ ಸಂಖ್ಯೆಗೂ ಅದೇ ಗಡುವು. ಗಡಿಗಳನ್ನು ಪುನಃ ಬರೆಯುವ ಕಾಲಕ್ಕೆ ನಮ್ಮ ಆರನೆಯ ಕೋಶವನ್ನು ಉಳಿಸಿಕೊಳ್ಳಲು ನಾವು ಏನನ್ನು ಮುಂದಿಡುತ್ತೇವೆ? ಅಗಲವಾದ ಭೂಪಟವನ್ನು ಬಿಡಿಸಿ, "ನಮ್ಮ ಜಿಲ್ಲೆ ಎಷ್ಟು ದೊಡ್ಡದು ನೋಡಿ" ಎಂದರೆ ಬೆಂಗಳೂರಿನ ಕೂಲಿಗಾರ, "ನನ್ನ ಮತ ನಿನ್ನ ಮತಕ್ಕಿಂತ ಕಡಮೆಯೆ?" ಎಂದು ಕೇಳುತ್ತಾನೆ, ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. 2002ರ ಕ್ಷೇತ್ರ ಪುನರ್ವಿಂಗಡಣಾ ಅಧಿನಿಯಮ ಗಡಿ ಬರೆಯುವವರು ಪ್ರಾಕೃತಿಕ ಲಕ್ಷಣಗಳನ್ನೂ ಸಂಚಾರ ಸೌಕರ್ಯವನ್ನೂ ಸಾರ್ವಜನಿಕರ ಅನುಕೂಲವನ್ನೂ ಗಮನಿಸಬೇಕೆಂದು ಹೇಳುತ್ತದೆ. ವಾದಿಸುವುದಾದರೆ ಇದರ ಮೇಲೆ ವಾದಿಸೋಣ: ಕಾಡಿನ ಹಳ್ಳಿಯವನು ತನ್ನ ಶಾಸಕರನ್ನು ಕಾಣಲು ಎಷ್ಟು ಹೊತ್ತು ಬಸ್ಸಿನಲ್ಲಿ ಕೂರಬೇಕು, ಬಸ್ಸು ಇದ್ದರೆ! ಇದಕ್ಕೆ ಎರಡು ನಕ್ಷೆಗಳೂ ಅಕ್ಕಪಕ್ಕದಲ್ಲಿ ಇರಬೇಕು. ಜನರ ನಕ್ಷೆ ನಮ್ಮ ಪಾಲೆಷ್ಟೆಂದು ಒಪ್ಪಿಕೊಳ್ಳಲಿ, ನೆಲದ ನಕ್ಷೆ ನಮ್ಮ ದೂರವೆಷ್ಟೆಂದು ಹೇಳಲಿ.

ಆದುದರಿಂದ ನನ್ನದೊಂದು ಸೂಚನೆ. ಭೂಗೋಳ ಮತ್ತು ರಾಜ್ಯಶಾಸ್ತ್ರ ವಿಭಾಗಗಳು ಕೂಡಿ, ಬರುವ ವರ್ಷದ ವಿದ್ಯಾರ್ಥಿಗಳಿಂದ ನಮ್ಮ ಲೋಕಸಭಾ ಕ್ಷೇತ್ರದ ಎಂಟು ಕೋಶಗಳ ನಕ್ಷೆಯೊಂದನ್ನು ಮಾಡಿಸಲಿ. ಎಂಟೇ ಆದುದರಿಂದ ಒಂದು ಶನಿವಾರದ ಕೆಲಸ. ಆರು ನಮ್ಮ ಜಿಲ್ಲೆಯವು. ಉಳಿದೆರಡು, ಖಾನಾಪುರ ಮತ್ತು ಕಿತ್ತೂರು, ಬೆಳಗಾವಿ ಜಿಲ್ಲೆಯವು. ಹಳಿಯಾಳದ ಕೋಶ ಎಲ್ಲಿ ಕೂರಬೇಕೆಂದು ನಮ್ಮವರು ಹೇಳಬಲ್ಲರು. ಕಿತ್ತೂರಿನದಕ್ಕೆ ಅಲ್ಲಿಯ ಕಾಲೇಜಿನವರಿಗೆ ಒಂದು ಕಾಗದ ಬರೆದು ಕೇಳೋಣ.