ಗೆಳತಿ ಮನಿ ಮುಂದ ವ್ಯಾನ್ ನಿಂತ್ರ

ಅಮೇರಿಕಾದಾಗ ಇರೋ ನಮ್ಮ ಮಾವಶಿ ಮಗಳು, ಅಂದ್ರ ನನಗ ಅಕ್ಕ ಆಗಬೇಕು, ಆಕಿ ಮತ್ತ ಆಕಿ ಗಂಡ ಇದ್ದ ಮನಿ ಮಾರಿ, ಸಾಮಾನ ಹಂಚಿ, ಒಂದ ದೊಡ್ಡ ವ್ಯಾನ್ ತೊಗೊಂಡು ಅದರಾಗೇ ಇರ್ಲಿಕ್ಕೆ ಶುರು ಮಾಡಿದಾಗಿಂದ ನಮ್ಮ ಬಳಗದಾಗ ಯಾರ ಮನಿ ಅರಿಷಿಣ ಕುಂಕುಮಕ್ಕ ಹೋದ್ರೂ ಇದೇ ಮಾತು. "ಅಷ್ಟ ಓದಿ, ಅಷ್ಟ ಗಳಿಸಿ, ಕಡೀಕ ಬೀದ್ಯಾಗ ಬಂದ್ರು ನೋಡ್ರಿ" ಅಂತ ಒಬ್ಬರು. "ಸೊಸಿ ಜೋಡಿ ಕೂಡಿ ಬಂದಿರ್ಲಿಕ್ಕಿಲ್ಲ" ಅಂತ ಇನ್ನೊಬ್ಬರು. ನಮ್ಮ ಓಣ್ಯಾಗಿನ ಅಜ್ಜಿ ಒಬ್ಬಾಕಿ ಮಾತ್ರ ಕೇಳೋ ಅಂಥಾ ಪ್ರಶ್ನೆ ಕೇಳಿದ್ಲು: "ದೇವರನ್ನ ಎಲ್ಲೆ ಇಟ್ಟಾರ?" ಒಲಿ ಮ್ಯಾಲಿನ ಕಪಾಟಿನ್ಯಾಗ ಇಟ್ಟಾರ ಅಜ್ಜಿ, ಗಾಡಿ ಹೊರಡೋ ಮುಂದ ಟಾವೆಲ್ ಸುತ್ತಿ ಮಲಗಸ್ತಾರ.

ನನ್ನ ಅಭಿಪ್ರಾಯ ಕೇಳಿದ್ರ, ಅವರು ಮಾಡಿದ್ದು ಭಾಳ ಛಲೋ ಆತು. ಆದ್ರ ವಾಟ್ಸಾಪಿನ್ಯಾಗ ಬರೋ ಗುಡ್ಡಾ, ಸೂರ್ಯಾಸ್ತ, ಕೈಯಾಗ ಕಾಫಿ ಕಪ್ಪು, ಆ ಫೋಟೋಗಳ ಸಲುವಾಗಿ ನಾನು ಹಿಂಗ ಅನ್ನೂದಿಲ್ಲ. ಅವರು ಹೊಂಟಿದ್ದು ಹಳೇ ಸ್ನೇಹಿತರನ್ನ ನೋಡ್ಲಿಕ್ಕೆ. ವ್ಯಾನ್ ಇಲ್ಲದಿದ್ರ ಆ ಭೆಟ್ಟಿ, ಅದರಾಗೂ ಹೆಣ್ಣಮಕ್ಕಳ ಭೆಟ್ಟಿ, ಈ ಜನ್ಮದಾಗ ಆಗತಿದ್ದಿಲ್ಲ. ನಾ ಹೇಳಬೇಕಾದ್ದು ಇಷ್ಟೇ. ಯಾಕಂತ ಹೇಳ್ತೀನಿ.

ಮೊದಲ ವ್ಯಾನಿನ ಕಥಿ ಮುಗಸೋಣ, ಅದನ್ನೇ ಎಲ್ಲಾರೂ ಕೇಳ್ತಾರ. ಸುಮಾರು 20 ಫೂಟ್ ಉದ್ದ, ಒಳಗ ನಿಂತ್ರ ತಲಿ ತಾಕೂದಿಲ್ಲ. ಹಿಂದ ಹಾಸಿಗಿ, ನಡುವ ಎರಡು ಬರ್ನರ್ ಒಲಿ, ಸಣ್ಣ ಫ್ರಿಜ್ಜು, ಒಂದ ಮೂಲ್ಯಾಗ ಪಾಯಖಾನಿ. ಮ್ಯಾಲೆ ಸೋಲಾರ್. ಮನಿ ಇಲ್ಲಂದ್ರ ಪತ್ರ ಎಲ್ಲೆ ಬರ್ತಾವ, ಲೈಸೆನ್ಸ್ ಯಾವ ಊರಿಂದು ಅಂತ ನಮ್ಮನಿಯವ್ರು ಚಿಂತಿ ಮಾಡಿದ್ರು. ಅದಕ್ಕೂ ಅಲ್ಲೆ ದಾರಿ ಅದ. ಸೌತ್ ಡಕೋಟಾ ಅನ್ನೋ ರಾಜ್ಯದಾಗ ಟಪಾಲ ತೊಗೊಂಡು ಮುಂದ ಕಳಸೋ ಕಂಪನಿಯೊಳಗ ಒಂದ ವಿಳಾಸ ಮಾಡಿ, ಆ ರಾಜ್ಯದಾಗ ಒಂದ ರಾತ್ರಿ ಇಳಕೊಂಡಿದ್ದರ ರಸೀದಿ ತೋರಿಸಿದ್ರ ಹಿಂಗ ತಿರಗೋವ್ರಿಗೆ ಲೈಸೆನ್ಸ್ ಕೊಡ್ತಾರ. ಸರಕಾರದ ಬಯಲು ಜಮೀನು ಭಾಳ ಕಡೆ ಅದ, ಅಲ್ಲೆ ಸಾಮಾನ್ಯವಾಗಿ 14 ದಿನಾ ಪುಕಟ ನಿಲ್ಲಬಹುದು, ಆಮ್ಯಾಲೆ ಜಾಗಾ ಬದಲಿ ಮಾಡಬೇಕು. 62 ದಾಟಿದ ಅಲ್ಲಿಯವ್ರಿಗೆ 80 ಡಾಲರ್ ಕೊಟ್ರ ಜೀವನಪೂರ್ತಿ ನ್ಯಾಶನಲ್ ಪಾರ್ಕುಗಳ ಪಾಸು. 65ಕ್ಕ ಬರೋ ಸರಕಾರದ ಆರೋಗ್ಯ ವಿಮಾ, ಅದರ ಮೂಲ ಪದ್ಧತಿ ಇಟ್ಟಕೊಂಡ್ರ, ಅದನ್ನ ಒಪ್ಪೋ ಡಾಕ್ಟರ ಯಾವ ರಾಜ್ಯದಾಗಿದ್ರೂ ನಡೀತದ. ಇಷ್ಟು ಸಾಕು, ಅರಬಿ ಎಲ್ಲೆ ಒಗೀತಾರ ಅನ್ನೋದನ್ನ ಇನ್ನೊಮ್ಮೆ ಬರೀತೀನಿ.

ಈಗ ಪಾವಣ್ಯಾರ ವಿಷಯಕ್ಕ ಬರೋಣ. ಅದು ನಮಗ ಗೊತ್ತಿರೋ ವಿಷಯ.

ಒಂದ ಮನಿಗೆ ಪಾವಣ್ಯಾರು ಬರ್ತಾರಂದ್ರ ಆ ಮನಿ ಹೆಣ್ಣಮಗಳಿಗೆ ಏನೇನ ಕೆಲಸ ಹತ್ತತದ ಅನ್ನೋದನ್ನ ಗಂಡಸರಿಗೆ ಪಟ್ಟಿ ಮಾಡಿ ಕೊಟ್ರೂ ತಿಳಿಯೂದಿಲ್ಲ. ಗಾದಿ ಬಿಸಿಲಿಗೆ ಹಾಕಬೇಕು, ಚಾದರ ಒಗದ ಇಡಬೇಕು, ಬಚ್ಚಲಾ ತಿಕ್ಕಬೇಕು. ಅವರಿಗೆ ಉಳ್ಳಾಗಡ್ಡಿ ನಡೀತದೋ ಇಲ್ಲೋ, ಸಕ್ಕರಿ ಬ್ಯಾನಿ ಅದನೋ, ಮುಂಜಾನೆ ಎಷ್ಟಕ್ಕ ಏಳ್ತಾರೋ. ಏನ ಮಾಡಿದ್ರೂ ಮನಸ್ಸಿನ ಮೂಲ್ಯಾಗ ಒಂದ ಹುಳಾ ಕೊರೀತಿರ್ತದ, ಎಷ್ಟ ದಿನಾ ಇರ್ತಾರ? ಕೇಳೋ ಹಂಗಿಲ್ಲ. ಬಂದಾಕಿ ಜೀವದ ಗೆಳತಿ ಇದ್ರೂ ಅಡಗಿಮನ್ಯಾಗಿಂದ "ಹೂಂ, ಹೇಳ, ಕೇಳಿಸ್ತದ" ಅಂತ ಒದರೋದ್ರಾಗೇ ಭೆಟ್ಟಿ ಮುಗೀತದ. ಹೋಗಾಕಿಗೂ ಅಷ್ಟೇ ಸಂಕೋಚ. "ಆಕಿಗ್ಯಾಕ ತ್ರಾಸು" ಅಂತ ನಾವು ಎಷ್ಟ ಭೆಟ್ಟಿ ಕೈಬಿಟ್ಟೀವಿ, ಲೆಕ್ಕಾ ಹಾಕ್ರಿ. ಪ್ರೀತಿ ಕಡಿಮಿ ಆಗಿ ಬಿಟ್ಟಿದ್ದಲ್ಲ ಅದು. ಹಾಸಿಗಿ ಮತ್ತ ಅಡಗಿ, ಇವೆರಡರ ಸಲುವಾಗಿ ಬಿಟ್ಟಿದ್ದು.

ಹೋದ ವರ್ಷ ನನ್ನ ಮಗಳ ಬಾಣಂತನಕ್ಕ ನಾರ್ಥ್ ಕ್ಯಾರೊಲಿನಾಕ್ಕ ಹೋಗಿದ್ದೆ. ಆವಾಗ ಅಕ್ಕಾ ಭಾವಾ ಮೂರ ರಾತ್ರಿ ನಮ್ಮ ಕಡೆ ಬಂದಿದ್ರು. ಬಂದ್ರು ಅನ್ನೋಕಿಂತ, ಮನಿ ಮುಂದ ನಿಂತಿದ್ರು. ಕೂಸಿನ ಅಳು ಕೇಳಿ ಅವರ ನಿದ್ದಿ ಕೆಡಲಿಲ್ಲ, ಅವರ ಗೊರಕಿ ಕೇಳಿ ಕೂಸಿನ ನಿದ್ದಿ ಕೆಡಲಿಲ್ಲ. ಮುಂಜಾನೆ ಛಾ ಅವರದು ಅವರೇ ಕುಡದು, ಒಂಬತ್ತಕ್ಕ ಅಕ್ಕಾ ಕೈಯಾಗ ಒಂದ ಡಬ್ಬಿ ಅವಲಕ್ಕಿ ಹಿಡಕೊಂಡು ಒಳಗ ಬರೋಕಿ. ನಾ ಕೂಸಿಗೆ ಎಣ್ಣಿ ಹಚ್ಚಗೋತ, ಆಕಿ ಪುಟ್ಟ ಅರಬಿ ಮಡಚಗೋತ, ಎಷ್ಟೋ ವರ್ಷದ ಮಾತು ಆಡಿದ್ವಿ. ರಾತ್ರಿ "ಬರ್ತೀನಿ" ಅಂದು ಎದ್ದ ಹೋಗೋಕಿ. ಎಲ್ಲೆ? ಹತ್ತ ಹೆಜ್ಜಿ ಮ್ಯಾಲೆ. ಪಾವಣಿ ದಿನಾ ರಾತ್ರಿ ತನ್ನ ಮನಿಗೆ ಹೋಗ್ತಾಳ, ದಿನಾ ಮುಂಜಾನೆ ಹೊಸದಾಗಿ ಬರ್ತಾಳ. ನಮ್ಮ ಅಜ್ಜಿ ಕಾಲದಾಗ ಬಾಜೂ ಮನಿ ಗೆಳತ್ಯಾರು ಹಿಂಗೇ ಇದ್ರಲ್ಲ. ವ್ಯಾನ್ ಅಂದ್ರ ನನಗ ಅಷ್ಟೇ, ದೂರದ ಗೆಳತಿ ಮೂರ ದಿನದ ಮಟ್ಟಿಗೆ ಬಾಜೂ ಮನಿಯಾಕಿ ಆಗೋದು.

ಆದ್ರ ನನ್ನದೊಂದ ತಕರಾರು ಅದ, ಅದನ್ನ ಭಾವಾವ್ರ ಮುಂದೇ ಹೇಳೀನಿ. ಮೊದಲನೇ ವರ್ಷದ ಅವರ ಪಟ್ಟಿ ನೋಡಿದೆ. 17 ಮನಿ. ಅದರಾಗ 14 ಭಾವಾನ ಸ್ನೇಹಿತರದು. ಹುಬ್ಬಳ್ಳಿ ಇಂಜಿನಿಯರಿಂಗ್ ಕಾಲೇಜಿನವ್ರು, ಮೊದಲನೇ ನೌಕರಿ ಒಳಗಿನವ್ರು, ಬ್ರಿಜ್ ಆಡೋವ್ರು. ಅಕ್ಕನ ಕಡೆಯವ್ರು ಮೂರೇ ಮಂದಿ, ಅದರಾಗೂ ಒಬ್ಬಾಕಿ ನಾದಿನಿ. ನಾದಿನಿ ಗೆಳತಿ ಲೆಕ್ಕಕ್ಕ ಬರ್ತಾಳನ್ರಿ?

ಇದರಾಗ ಭಾವಾಂದು ಖೊಟ್ಟಿ ಬುದ್ಧಿ ಏನೂ ಇಲ್ಲ. ಗಂಡಸರ ಗೆಳೆತನ ಕಡತದಾಗ ಇರ್ತದ. ಬ್ಯಾಚಿನ ಗ್ರೂಪು, ಕಂಪನಿ ಗ್ರೂಪು, ಹೆಸರು ಹುಟ್ಟಿದಾಗಿಂದ ಅದೇ. ಹೆಣ್ಣಮಗಳದು ಲಗ್ನ ಆದಮ್ಯಾಲೆ ಅಡ್ಡಹೆಸರು ಹೋತು, ಊರು ಹೋತು. ಹುಡುಕಬೇಕಂದ್ರ ಯಾವ ಹೆಸರಿನ್ಯಾಗ ಹುಡುಕೋದು? ಅಕ್ಕನ ಖರೇ ಗೆಳತ್ಯಾರು ಯಾರು ಅಂತ ಕೂತು ಕೇಳಿದೆ. ಮೊದಲ ಅಮೇರಿಕಾಕ್ಕ ಹೋದಾಗ ಚಿಲ್ಲರಿ ಹಾಕೋ ವಾಶಿಂಗ್ ಮಶೀನ್ ಮುಂದ ಜೋಡಿ ಕೂಡ್ತಿದ್ದ ಗುಜರಾತಿ ಬಾಯಿ. ಹಡಿಯೋ ರಾತ್ರಿ ಭಾವಾ ಊರಾಗಿಲ್ಲದಾಗ ಕೈ ಹಿಡಕೊಂಡು ಕೂತಿದ್ದ ಕೇರಳದ ನರ್ಸು. ಮತ್ತ ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಒಂದೇ ಬಾಕಿನ ಮ್ಯಾಲೆ ಕೂತಾಕಿ, ಈಗ ಟೆಕ್ಸಾಸಿನ್ಯಾಗ ಇದ್ದಾಳ. ಇವರು ಯಾರೂ ಪಟ್ಟಿಯೊಳಗ ಇದ್ದಿಲ್ಲ.

ಇದು ನಮ್ಮ ಮಂದಿ ಅಷ್ಟೇ ಮಾಡೋದು ಅನಬ್ಯಾಡ್ರಿ. ಜಾನ್ ಸ್ಟೈನ್‌ಬೆಕ್ ಅಂತ ದೊಡ್ಡ ಲೇಖಕ, 1962ರಾಗ ನೊಬೆಲ್ ಬಂತು. 1960ರಾಗ, 58 ವರ್ಷದಾಂವ ಇದ್ದಾಗ, ಟ್ರಕ್ಕಿನ ಮ್ಯಾಲೆ ಮನಿ ಕಟ್ಟಿಸಿಕೊಂಡು, ಚಾರ್ಲಿ ಅನ್ನೋ ನಾಯಿ ಕರಕೊಂಡು ಅಮೇರಿಕಾ ಸುತ್ತಿದ. ಆ ಗಾಡಿಗೆ ಡಾನ್ ಕಿಹೋಟೆಯ ಕುದರಿ ಹೆಸರು ಇಟ್ಟಿದ್ದ. ತನ್ನ ಹಳೇ ಊರಿನ ಕಡೆ ಹೋಗಿ, ಬಾರಿನ್ಯಾಗ ಹಳೇ ಗೆಳ್ಯಾನ ಭೆಟ್ಟಿನೂ ಆದ. ಪುಸ್ತಕದ ಹೆಸರಿನ್ಯಾಗ ನಾಯಿ ಅದ. ಹೆಂಡ್ತಿ ಇಲೇನ್ ಇಲ್ಲ! ಆಮ್ಯಾಲೆ ಅಂವನ ದಾರಿ ಹಿಡದು ಪರೀಕ್ಷಾ ಮಾಡಿದ ಪತ್ರಕರ್ತರು, ಆಕಿ ಪುಸ್ತಕದಾಗ ಕಾಣೋಕಿಂತ ಭಾಳ ಹೆಚ್ಚು ದಿನಾ ಅಂವನ ಜೋಡಿ ಇದ್ಲು ಅಂತ ತೋರಿಸ್ಯಾರ. ಓದಿದಾಗ ನನಗ ನಗು ಬಂತು. ಜೋಡಿ ತಿರಗಿದಾಕಿನ್ನ ಬಿಟ್ಟು ನಾಯಿನ್ನ ಬರದಾನ.

ನಮ್ಮ ಕಡೆ ಏನಾಗ್ತದ ಅಂದ್ರ, ಹೆಂಗಸರನ್ನ ತಿರಗಸ್ತಾರ, ಇಲ್ಲಂತಲ್ಲ, ಗುಡಿಗೆ ಕರಕೊಂಡ ಹೋಗ್ತಾರ. ಮೈಸೂರಿನ ಕೃಷ್ಣಕುಮಾರ್ ಅವರು ತಾಯಿ ಚೂಡಾರತ್ನಮ್ಮನ್ನ ತಂದಿ ಕಾಲದ ಬಜಾಜ್ ಚೇತಕ್ ಮ್ಯಾಲೆ ಕೂಡಿಸಿಕೊಂಡು 2018ರಿಂದ ದೇಶಾ ತಿರಗಿಸಿದ್ದು ನಿಮಗೆಲ್ಲಾ ಗೊತ್ತದ. ಅಂಥಾ ಮಗಗ ಕೈ ಮುಗೀಬೇಕು, ಅದರಾಗ ಎರಡನೇ ಮಾತಿಲ್ಲ. ಅದನ್ನ ನೋಡಿ ನಮ್ಮ ಮಕ್ಕಳೂ "ಅವ್ವಾ, ಕಾಶಿ ನೋಡತಿ ಏನು, ರಾಮೇಶ್ವರ ನೋಡತಿ ಏನು" ಅಂತ ಕೇಳ್ತಾರ. ಪುಣ್ಯಾ. ಆದ್ರ "ಅವ್ವಾ, ನಿನಗ ಯಾವ ಗೆಳತಿನ್ನ ನೋಡಬೇಕನಸೇದ?" ಅಂತ ಯಾರ ಮಗನರ ಕೇಳಿದ್ದು ನಾ ಅಂತೂ ಕೇಳಿಲ್ಲ. ಅವ್ವಗ ಗೆಳತ್ಯಾರು ಇದ್ರು ಅನ್ನೋದೇ ಅವಕ್ಕ ಗೊತ್ತಿರೂದಿಲ್ಲ.

ಎರಡನೇ ವರ್ಷ ಅಕ್ಕಾ ಹಟಾ ಹಿಡದ್ಲು, ಟೆಕ್ಸಾಸಿಗೆ ಹೋದ್ರು. ಆ ಗೆಳತಿ ಗಂಡಗ ಪಾರ್ಶ್ವವಾಯು ಹೊಡದು ಐದ ವರ್ಷ ಆಗಿತ್ತು. ಬಲಗೈ ಬಲಗಾಲು ಇಲ್ಲ, ಮಾತು ಅರ್ಧಾ. ಆಕಿಗೆ ಮನಿ ಬಿಟ್ಟು ಹೊರಗ ಹೋಗ್ಲಿಕ್ಕೆ ಆಗೂದಿಲ್ಲ, ಮನಿಗೆ ಯಾರನ್ನೂ ಕರೀಲಿಕ್ಕೂ ಆಗೂದಿಲ್ಲ. ಇದ್ದ ಒಂದ ಖೋಲಿ ರೋಗಿಗೆ, ಇನ್ನೊಂದರಾಗ ಸಾಮಾನು. ಐದ ವರ್ಷ ಫೋನಿನ್ಯಾಗ "ಬಾ ಅಂತ ಹೆಂಗ ಅನ್ಲಿ ನಿನಗ" ಅಂತಿದ್ಲಂತ. ಇಂಥಾ ಮನಿಗೆ ವಿಮಾನದಾಗ ಬಂದು, ಹೊಟೇಲಿನ್ಯಾಗ ಇಳದು, ಹಣ್ಣ ಕೊಟ್ಟು, ಒಂದ ತಾಸ ಕೂತು ಹೋದವ್ರು ಇದ್ರು. ಅದು ರೋಗಿನ್ನ ಮಾತಾಡ್ಸೋದಾತು, ಗೆಳತಿ ಭೆಟ್ಟಿ ಅಲ್ಲ.

ವ್ಯಾನ್ ಆ ಮನಿ ಮುಂದ ಒಂಬತ್ತ ದಿನಾ ನಿಂತಿತು. ಅಡಗಿ ವ್ಯಾನಿನ್ಯಾಗ ಮಾಡಿ ಒಳಗ ತರೋದು. ರಾತ್ರಿ ಎರಡಕ್ಕ ರೋಗಿಗೆ ಮಗ್ಗಲಾ ಬದಲಿ ಮಾಡಬೇಕಿತ್ತು. ಎರಡ ದಿನಾ ಆಕಿ ಮಾಡೋದನ್ನ ನೋಡಿ ಕಲತು, ಮೂರನೇ ರಾತ್ರಿ ಅಕ್ಕಾ ಮತ್ತ ಭಾವಾ ಆ ಪಾಳಿ ತೊಗೊಂಡ್ರು. ಆ ರಾತ್ರಿ ಗೆಳತಿ ಏಳ ತಾಸು ಒಂದೇ ಸವನ ಮಲಗಿದ್ಲು. ಮುಂಜಾನೆ ಎದ್ದು ಗಡಿಯಾರ ನೋಡಿ, ಏನೋ ಆಗಬಾರದ್ದು ಆಗೇದ ಅಂತ ಹೆದರಿ ಓಡಿ ಬಂದ್ಲಂತ. ಹೊರಗಿನ ಖೋಲಿಯೊಳಗ ಭಾವಾ ಪೇಪರ್ ಓದಿ ಹೇಳ್ಲಿಕತ್ತಿದ್ರು, ಆಕಿ ಗಂಡ ಕೇಳಗೋತ ಕೂತಿದ್ದ. ಭಾವಾ ಬಾಗಲಾ ಮುಂದಿನ ಮೆಟ್ಟಲಾ ಮ್ಯಾಲೆ ಹಲಗಿ ಹಚ್ಚಿ ಗಾಲಿಕುರ್ಚಿ ಇಳಿಯೋ ಹಂಗ ಮಾಡಿ ಕೊಟ್ರು. ಪಟ್ಟಿಯೊಳಗಿನ ತಮ್ಮ ಇಬ್ಬರು ಗೆಳ್ಯಾರನ್ನ ಮುಂದ ಹಾಕಿದ್ರು, ಒಮ್ಮೆನೂ ಮಾರಿ ಗಂಟ ಹಾಕಲಿಲ್ಲ. ಅದನ್ನೂ ಬರೀಬೇಕು, ಇಲ್ಲಾಂದ್ರ ಅನ್ಯಾಯ ಆಗ್ತದ.

ಏನ ಮಾತಾಡಿದ್ರಿ ಒಂಬತ್ತ ದಿನಾ ಅಂತ ಅಕ್ಕಗ ಕೇಳಿದೆ. "ಏನಿಲ್ಲ, ಚಟ್ನಿಪುಡಿ ಕುಟ್ಟಿದ್ವಿ" ಅಂದ್ಲು. ಹತ್ತನೇ ದಿನಾ ಆ ಕಾಲನಿಯ ಸಂಘದಿಂದ ಪತ್ರ ಬಂತು, ಮನಿ ಮುಂದ ಇಂಥಾ ಗಾಡಿ ನಿಲ್ಲಸೋ ಹಂಗಿಲ್ಲ ಅಂತ. ಅಲ್ಲೆ ಭಾಳ ಕಾಲನಿಯೊಳಗ ಈ ನಿಯಮ ಅದ, ಓಣಿ ಚಂದ ಕಾಣಬೇಕಂತ. ಹೊರಟ್ರು. ಈ ವರ್ಷ ಮತ್ತ ಹೋಗ್ತಾರ, ಎಂಟೆಂಟ ದಿನಾ ಎರಡ ಸಲ.

ವ್ಯಾನ್ ಅಂದ್ರ ಎಲ್ಲಾರಿಗೂ ಇಂಥಾದ್ದು ಅಂತ ತಿಳೀಬ್ಯಾಡ್ರಿ. ಅಮೇರಿಕಾದಾಗ ಗಾಡಿಯೊಳಗ ಇರೋವ್ರಾಗ ಮನಿ ಬಾಡಿಗಿ ಕೊಡ್ಲಿಕ್ಕೆ ಆಗದೇ ಬಂದವ್ರೂ ಭಾಳ ಮಂದಿ ಇದ್ದಾರ. ಜೆಸ್ಸಿಕಾ ಬ್ರೂಡರ್ ಅನ್ನಾಕಿ 2017ರಾಗ ನೋಮ್ಯಾಡ್‌ಲ್ಯಾಂಡ್ ಅಂತ ಅವರ ಪುಸ್ತಕ ಬರದ್ಲು, ಅದರ ಸಿನೆಮಾಕ್ಕ 2021ರಾಗ ಆಸ್ಕರ್ ಬಂತು. 60-70 ವರ್ಷದ ಹೆಂಗಸರು ದೊಡ್ಡ ಗೋದಾಮಿನ್ಯಾಗ ಸಾಮಾನ ಎತ್ತಿ, ಕ್ಯಾಂಪಿನ್ಯಾಗ ಪಾಯಖಾನಿ ತೊಳದು, ಥಂಡಿ ದಿನಕ್ಕ ಅರಿಝೋನಾದ ಮರಳಗಾಡಿಗೆ ಹೋಗಿ ಒಬ್ಬರಿಗೊಬ್ಬರು ಆಸರಾ ಆಗಿ ಇರೋದು. ಅವರಿಗೆ ವ್ಯಾನ್ ಹೌಸಲ್ಲ. ಅದಕ್ಕೇ ಅಕ್ಕಗ ನಾ ಹೇಳೋದು, ಮನಿ ಮಾರಿದ ರೊಕ್ಕದಾಗ ಒಂದ ಪಾಲು ಮುಟ್ಟಬ್ಯಾಡ್ರಿ, ಇಬ್ಬರಾಗ ಒಬ್ಬರ ಮೊಣಕಾಲು ಕೈಕೊಟ್ಟ ದಿನಾ ಒಂದ ಖೋಲಿ, ಒಂದ ಬಚ್ಚಲಾ ಬೇಕಾಗ್ತದ. ಎಲ್ಲಾ ಭೆಟ್ಟಿ ಸಿಹಿ ಆಗ್ತಾವ ಅಂತನೂ ಇಲ್ಲ. ಆ ಗುಜರಾತಿ ಬಾಯಿ ಸಿಕ್ಲು, ಛಾ ಕೊಟ್ಲು, ಅರ್ಧಾ ತಾಸಿನ್ಯಾಗ ಇಬ್ಬರಿಗೂ ಮಾತು ತೀರಿ ಹೋತಂತ. ಇರ್ಲಿ, ಅದೂ ಗೊತ್ತಾತಲ್ಲ.

ನಮ್ಮ ಊರಾಗ ವ್ಯಾನಿನ ಮಾತು ದೂರ ಉಳೀತು, ರಾತ್ರಿ ನಿಲ್ಲಿಸ್ಲಿಕ್ಕೆ ಜಾಗಾ ಇಲ್ಲ, ನೀರಿಲ್ಲ, ನಿಲ್ಲಿಸಿದ್ರ ಇಡೀ ಓಣಿ ಮಂದಿ ಬಂದು ಒಳಗ ಇಣಕತಾರ. ಆದ್ರ ಪಟ್ಟಿ ಮಾಡ್ಲಿಕ್ಕೆ ವ್ಯಾನ್ ಬೇಕಾಗಿಲ್ಲ. ಹಾಸಿಗಿ ಚಾದರ, ಒಂದ ಹೊತ್ತಿನ ಊಟಾ ಕೈಯಾಗ ಹಿಡಕೊಂಡು, "ಎರಡ ರಾತ್ರಿ ಇರ್ತೀನಿ, ಮೂರನೇ ದಿನದ ಗಾಡಿಗೆ ಟಿಕೀಟ ತಗಸೀನಿ" ಅಂತ ಮೊದಲೇ ಹೇಳಿ ಹೋಗಬಹುದು. ಹಾಸಿಗಿದು, ದಿನದ್ದು, ಎರಡೂ ಚಿಂತಿ ಅಲ್ಲೇ ಮುಗದ್ವು.

ನನ್ನ ಪಟ್ಟಿಯೊಳಗ ಆರ ಹೆಸರು ಬಂದಾವ, ಅದರಾಗ ಇಬ್ಬರ ಈಗಿನ ಅಡ್ಡಹೆಸರು ಗೊತ್ತಿಲ್ಲ. ಗದಗಿನ ಕಡೆ ಹೊಂಬಳಕ್ಕ ಕೊಟ್ಟ, 1984ರಾಗ ಕೆ.ಸಿ.ಡಿ. ಒಳಗ ಬಿ.ಎ. ಮಾಡಿದಾಕಿ ಯಾರಿಗ್ಯಾರ ಗೊತ್ತಿದ್ರ ತಿಳಸ್ರಿ. ಮೊದಲನೇಕಿ ಬಾಗಲಕೋಟಿ ಒಳಗ ಇದ್ದಾಳ, ಆಕಿ ಅತ್ತಿಗೆ ಈಗ 92. ಫೋನ್ ಮಾಡಿ, ಚಾದರಾನೂ ತರ್ತೀನಿ, ಭಕ್ಕರಿನೂ ಕಟಗೊಂಡ ಬರ್ತೀನಿ ಅಂದೆ. ಭಕ್ಕರಿ ತಂದ್ರ ಬಾಗಲಾ ತಗಿಯೂದಿಲ್ಲ, ಚಾದರ ಬೇಕಾದ್ರ ತೊಗೊಂಡ ಬಾ ಅಂದ್ಲು.