ಪಾಸ್‌ವರ್ಡ್‌ಗಳನ್ನು ತಂತ್ರಾಂಶಕ್ಕೆ ಒಪ್ಪಿಸಬಹುದೇ?

ನೋಂದಾಯಿತ ಆಸ್ತಿ ದಸ್ತಾವೇಜುಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿ ಬೆಳಕಿಗೆ ಬಂದವು. ಹೀಗೆ ಗುರುತೇ ಕಳುವಾದ ವರ್ತಕರಿಗೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದು ತಂತ್ರಾಂಶಕ್ಕೆ ಒಪ್ಪಿಸಲು ಹಿಂಜರಿಕೆಯಾಗುವುದು ಸಹಜ. ಆದರೂ ಒಪ್ಪಿಸುವುದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಧನಗೆರೆಯ ಅಂಗಡಿಯವರಾಗಲಿ, ಕೊಳ್ಳೇಗಾಲದ ರೇಷ್ಮೆ ವ್ಯಾಪಾರಸ್ಥರಾಗಲಿ, ಜಿ.ಎಸ್.ಟಿ., ಆದಾಯ ತೆರಿಗೆ, ಬ್ಯಾಂಕು, ಇ-ಮೇಲ್ ಎಂದು ಹಲವು ಖಾತೆಗಳನ್ನು ನಿರ್ವಹಿಸಬೇಕಾಗಿದೆ. ಜ್ಞಾಪಕಕ್ಕೆ ಸುಲಭವೆಂದು ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಿದರೆ, ಒಂದೆಡೆ ಸೋರಿದ್ದು ಎಲ್ಲ ಬಾಗಿಲುಗಳನ್ನೂ ತೆರೆಯುತ್ತದೆ. ಈ ತಂತ್ರಾಂಶವಾದರೋ ಪ್ರತಿ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ರಚಿಸಿ, ಗೂಢಲಿಪಿಯಲ್ಲಿ ಕಾದಿಡುತ್ತದೆ.

ಆದರೆ ನಂಬಿಕೆ ಕುರುಡಾಗಬಾರದು. 2022ರಲ್ಲಿ ಲಾಸ್ಟ್‌ಪಾಸ್ ಸಂಸ್ಥೆಯಲ್ಲಿದ್ದ ಗ್ರಾಹಕರ ಪಾಸ್‌ವರ್ಡ್ ಭಂಡಾರಗಳ ಪ್ರತಿಗಳೇ ಕಳುವಾದವು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದುದರಿಂದ, ಮುಖ್ಯ ಪಾಸ್‌ವರ್ಡ್ ದುರ್ಬಲವಾಗಿದ್ದವರಿಗೇ ಅಪಾಯ ಹೆಚ್ಚಾಯಿತು. ಆದಕಾರಣ ಮುಖ್ಯ ಪಾಸ್‌ವರ್ಡ್ ದೀರ್ಘವಾಗಿರಲಿ; ಅದನ್ನು ಬೇರೆಲ್ಲೂ ಬಳಸದಿರಿ; ಎರಡು ಹಂತದ ದೃಢೀಕರಣವನ್ನೂ ಅಳವಡಿಸಿಕೊಳ್ಳಿ. ಗುಮಾಸ್ತರಿಗಾಗಲಿ, ತೆರಿಗೆ ಸಲಹೆಗಾರರಿಗಾಗಲಿ ಅದನ್ನು ತಿಳಿಸಕೂಡದು. ಮರೆತರೆ ಸಾಮಾನ್ಯವಾಗಿ ಸಂಸ್ಥೆಯವರೂ ತೆರೆದುಕೊಡಲಾರರು. ಕಾಗದದ ಮೇಲೆ ಬರೆದ ಒಂದು ಪ್ರತಿ ತಿಜೋರಿಯಲ್ಲಿರಲಿ.

ಬೆರಳಚ್ಚಿನ ದುರ್ಬಳಕೆಯನ್ನು ಮಾತ್ರ ಈ ತಂತ್ರಾಂಶ ತಡೆಯದು. ಅದಕ್ಕೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು ಅವಶ್ಯ. ಹಣ ಹೋದುದು ತಿಳಿದೊಡನೆ ಬ್ಯಾಂಕಿಗೂ 1930 ಸಹಾಯವಾಣಿಗೂ ದೂರು ನೀಡಬೇಕು. ಒಮ್ಮೆ ಮೋಸಹೋದವರು ತಂತ್ರಾಂಶವನ್ನು ದೂರವಿಡುವುದಕ್ಕಿಂತ, ಅದು ಏನನ್ನು ಕಾಯುತ್ತದೆ, ಏನನ್ನು ಕಾಯದು ಎಂಬುದನ್ನರಿತು ಬಳಸುವುದು ವ್ಯಾಪಾರಕ್ಕೆ ಕ್ಷೇಮಕರ.